ಬೊಟ್ಟು ಯಾವ ಮೂಲೆಗೆ

ಚಂದ್ರನ ಮೇಲಿನ ಗುಂಡಿ ಎಣಿಸಿ ನಿವೃತ್ತನಾದವನು ನಾನು. ಹೀಗೆಂದರೆ ಮಡಿಕೇರಿ ಬಸ್ಸಿನಲ್ಲಿ ಪಕ್ಕ ಕೂತವರು ಒಂದು ಸಲ ನನ್ನ ಮುಖ ನೋಡಿ, ಆಮೇಲೆ ಇಳಿಯುವವರೆಗೂ ಕಿಟಕಿಯಾಚೆ ನೋಡುತ್ತಾರೆ. ನನ್ನ ಅವ್ವ ಬದುಕಿದ್ದಾಗ ಇನ್ನೂ ನೇರವಾಗಿ ಕೇಳಿದ್ದಳು: "ಗುಂಡಿ ಎಣ್ಸಿಕೆ ಅಷ್ಟು ದೂರ ಹೋಕಾ? ನಮ್ಮ ತೋಟಲೇ ಬೇಕಾದಷ್ಟು ಉಟ್ಟಲ್ಲ." ಕಾಫಿ ಗಿಡ ನೆಡಲು ಅಪ್ಪ ತೋಡಿಸಿ, ಗಿಡ ಸಾಲದೆ ಹಾಗೇ ಬಿಟ್ಟಿದ್ದ ಗುಂಡಿಗಳು ತೋಟದಲ್ಲಿ ಬೇಕಾದಷ್ಟಿದ್ದವು, ಅವುಗಳ ಮಾತು ಅದು.

ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿರುವ ನೀವಿಬ್ಬರು ಫೋನ್ ಮಾಡಿ, ಆಗಿನ ಕೆಲಸ ನಿಜವಾಗಿ ಹೇಗಿತ್ತು ಎಂದು ಬರೆದು ಕಳಿಸಿ ಎಂದು ಕೇಳಿ ಎರಡು ತಿಂಗಳಾಯಿತು. ಇವತ್ತು ನಾಳೆ ಎಂದು ದೂಡುತ್ತಾ ಬಂದೆ. ಈಗ ದೂಡುವ ಹಾಗಿಲ್ಲ. ಬರುವ ಶನಿವಾರ ಮಾದಾಪುರದ ಶಾಲೆಯಲ್ಲಿ ಮಕ್ಕಳಿಗೆ ಚಂದ್ರನ ಬಗ್ಗೆ ಒಂದು ಕಾರ್ಯಕ್ರಮ ಇದೆ. ಮಾತಾಡಲು ಬರುವವಳು ಸೆಲ್ವಿ, ಇಪ್ಪತ್ತು ವರ್ಷಕ್ಕೂ ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದವಳು. ಅವಳನ್ನು ಸಭೆಗೆ ಪರಿಚಯಿಸಬೇಕಾದವನು ನಾನು. ಹೆಡ್ಮಾಸ್ಟರು ಕೇಳಿದಾಗ ಯೋಚನೆ ಮಾಡದೆ ಹೂಂ ಅಂದುಬಿಟ್ಟೆ. ನಾನು ಮಾಡಿದ ಒಂದು ತಪ್ಪಿಗೆ ಅವಳು ಆ ಕಚೇರಿ ಬಿಟ್ಟು ಹೋಗಬೇಕಾಯಿತು. ತಪ್ಪು ನನ್ನದು ಎಂದು ನಾನು ಈವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಶನಿವಾರವಾದರೂ ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ. ಇವತ್ತು ಮಂಗಳವಾರ.

ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಕಾಫಿ ಕಣಕ್ಕೆ ಹೋಗುವುದು, ಆಕಾಶ ನೋಡುವುದು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿಲ್ಲ. ನಮ್ಮ ಊರು ಗಾಳಿಬೀಡಿನಲ್ಲಿ ಹೆಸರಿಗೆ ತಕ್ಕ ಹಾಗೆ ಗಾಳಿ ಮಾತ್ರ ಬೀಸುತ್ತಿದೆ, ಬರೆದ ಹಾಳೆ ಹಾರಿಸುತ್ತಿದೆ. ನನ್ನ ಹೆಂಡತಿ ಲೀಲಾ ಎಲ್ಲವನ್ನೂ ನೋಡಿದ್ದಾಳೆ, ಏನೆಂದು ಕೇಳಿಲ್ಲ. ನಿವೃತ್ತನಾದ ಗಂಡ ಅಂಗಳ ಸುತ್ತುವುದು ಅವಳಿಗೆ ಹೊಸದೇನಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ನಕ್ಷೆ ವಿಭಾಗಕ್ಕೆ ಸೇರಿದಾಗ ಚಂದ್ರನ ಸುದ್ದಿಯೇ ಇರಲಿಲ್ಲ. ಮೇಲಿನಿಂದ ತೆಗೆದ ಚಿತ್ರ ನೋಡಿ ಕಾಡೆಷ್ಟು, ತೋಟವೆಷ್ಟು, ಹೊಳೆ ಎಲ್ಲಿ ಹರಿಯುತ್ತದೆ ಎಂದು ಗುರುತಿಸುವ ಕೆಲಸ. ಕೊಡಗಿನವನು ಎಂದು ನನಗೆ ಮಾಕುಟ್ಟದ ಕಡೆಯ ಕಾಡಿನ ಹಾಳೆ ಕೊಟ್ಟರು. ನಾಲ್ಕು ದಿನ ಕಣ್ಣು ಕೆಂಪು ಮಾಡಿಕೊಂಡು ಹೊಳೆಗಳನ್ನೆಲ್ಲ ನೀಲಿ ಶಾಯಿಯಲ್ಲಿ ಎಳೆದು ಹೆಮ್ಮೆಯಿಂದ ಕೊಟ್ಟೆ. ವಿಭಾಗದ ಮುಖ್ಯಸ್ಥರು ನರಸಿಂಹಯ್ಯನವರು, ಮೈಸೂರು ಕಡೆಯವರು, ಬೈಯುವಾಗಲೂ ದನಿ ಏರಿಸದ ಮನುಷ್ಯ. ಕನ್ನಡಕ ತೆಗೆದು ಒರೆಸಿ ಕೇಳಿದರು:

"ಬೆಳ್ಯಪ್ಪ, ನಿಮ್ಮ ಕೊಡಗಲ್ಲಿ ನೀರು ಬೆಟ್ಟದ ನೆತ್ತಿ ಮೇಲೆ ಹರಿಯುತ್ತೇನ್ರೀ?"

ಹಾಗೇ ಆಗಿತ್ತು. ಎಲ್ಲ ಹೊಳೆಗಳನ್ನೂ ಬೆಟ್ಟದ ಏಣಿನ ಮೇಲೆ ಓಡಿಸಿದ್ದೆ. ಅದಕ್ಕೆ ಕಾರಣ ಬೆಳಕು. ನಮ್ಮ ದೇಶದ ಚಿತ್ರಗಳಲ್ಲಿ ಬಿಸಿಲು ಬಹುಮಟ್ಟಿಗೆ ದಕ್ಷಿಣದಿಂದ ಬೀಳುತ್ತದೆ, ಅಂದರೆ ಹಾಳೆಯ ಕೆಳಗಿನಿಂದ. ಮನುಷ್ಯನ ಕಣ್ಣು ಹುಟ್ಟಿದಾಗಿನಿಂದ ಬೆಳಕು ಮೇಲಿನಿಂದ ಬರುತ್ತದೆ ಎಂದು ನಂಬಿಕೊಂಡಿದೆ. ಹಾಗಾಗಿ ನೆರಳನ್ನು ತಪ್ಪಾಗಿ ಓದುತ್ತದೆ, ಕಣಿವೆ ಬೆಟ್ಟವಾಗಿಯೂ ಬೆಟ್ಟ ಕಣಿವೆಯಾಗಿಯೂ ಕಾಣುತ್ತದೆ. ನರಸಿಂಹಯ್ಯನವರು ಹಾಳೆಯನ್ನು ತಲೆಕೆಳಗು ಮಾಡಿ ನನ್ನ ಮುಂದಿಟ್ಟರು. ನಾನು ಹೊಳೆ ಎಳೆದ ಕಣಿವೆಗಳೆಲ್ಲ ಒಂದೇ ಕ್ಷಣದಲ್ಲಿ ಏಣುಗಳಾದವು.

ಆಮೇಲೆ ವಿಭಾಗದ ಪದ್ಧತಿ ಕಲಿಸಿದರು. ಚಿತ್ರದ ಮೇಲೆ ಪಾರದರ್ಶಕ ಹಾಳೆ ಹಾಸಿ ಗುರುತು ಮಾಡುತ್ತಿದ್ದೆವು. ಅದಕ್ಕೆ ನಾವು ಫಿಲ್ಮ್ ಎನ್ನುತ್ತಿದ್ದೆವು. ಕಣ್ಣಿಗೆ ಮೋಸವಾಗದಿರಲು ಚಿತ್ರವನ್ನು ತಿರುಗಿಸಿ ನೋಡಬೇಕು, ಸರಿ. ಆದರೆ ತಿರುಗಿಸುವ ಮೊದಲು ಚಿತ್ರಕ್ಕೂ ಫಿಲ್ಮಿಗೂ ಬಲಗಡೆಯ ಮೇಲಿನ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಚುಕ್ಕೆ ಇಡಬೇಕು. ಇಲ್ಲದಿದ್ದರೆ ಆಮೇಲೆ ಫಿಲ್ಮಿನ ತಲೆ ಯಾವುದು, ಕಾಲು ಯಾವುದು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಆ ಚುಕ್ಕೆಗೆ ನಮ್ಮಲ್ಲಿ ಬೊಟ್ಟು ಎಂದು ಹೆಸರು. ಬೆಳಿಗ್ಗೆ ಯಾರ ಮೇಜಿನ ಹತ್ತಿರ ನಿಂತರೂ ನರಸಿಂಹಯ್ಯನವರ ಮೊದಲ ಮಾತು, ಬೊಟ್ಟು ಇಟ್ರಾ? ಸಾಮಾನ್ಯವಾಗಿ ಬೊಟ್ಟು ಇಡುತ್ತಿದ್ದುದು ಕಿರಿಯರು. ಈ ಮಾತು ನೆನಪಿಟ್ಟುಕೊಳ್ಳಿ.

ಮತ್ತೆ ಬಂದು ಕೂತೆ. ಇಂದು ಬುಧವಾರ. ನಿನ್ನೆ ಅಷ್ಟಕ್ಕೇ ನಿಲ್ಲಿಸಿದ್ದೆ.

ಚಂದ್ರ ನಮ್ಮ ಕಚೇರಿಗೆ ಬಂದಿದ್ದು ಒಂದು ಮರದ ಪೆಟ್ಟಿಗೆಯಲ್ಲಿ. ಹೊರದೇಶದವರು ತೆಗೆದ ಚಿತ್ರಗಳ ಪ್ರತಿಗಳು. ಮುಂದೆ ಎಂದಾದರೂ ನಮ್ಮವರೂ ಅಲ್ಲಿ ಇಳಿಯಬಹುದು, ಅದಕ್ಕೆ ಯಾವ ಜಾಗ ಆದೀತು ಎಂದು ಈಗಿನಿಂದಲೇ ನೋಡಿಡಿ ಎಂದು ಮೇಲಿನವರ ಅಪ್ಪಣೆ. ಹೊಳೆಯಿಲ್ಲ, ತೋಟವಿಲ್ಲ, ಎಲ್ಲಿ ನೋಡಿದರೂ ಕುಳಿ. ಒಂದು ವಾರ ನನಗೆ ಊಟ ಸೇರಲಿಲ್ಲ.

ಮೊದಲ ವರದಿಯಲ್ಲೇ ಎಡವಿದೆ. 'ಕಲ್ಲು ಬಿದ್ದು ತೋಡಿದ ಗುಂಡಿ' ಎಂದು ಬರೆದಿದ್ದೆ. ನರಸಿಂಹಯ್ಯನವರು 'ತೋಡಿದ' ಎಂಬುದಕ್ಕೆ ಅಡ್ಡ ಗೀಟು ಹಾಕಿ, ತೋಡೋದು ಗುದ್ದಲಿ, ಇದು ಸಿಡಿಯೋದು ಎಂದರು. ಆಕಾಶದಿಂದ ಬರುವ ಕಲ್ಲು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಡಿಯುತ್ತದೆ. ಬಡಿದ ಕ್ಷಣ ಕಲ್ಲೂ ನೆಲವೂ ಒಟ್ಟಿಗೆ ಪುಡಿಯಾಗಿ, ಕರಗಿ, ಸುತ್ತಲೂ ಸಿಡಿಯುತ್ತವೆ. ಅದಕ್ಕೇ ಕಲ್ಲು ಓರೆಯಾಗಿ ಬಂದರೂ ಕುಳಿ ಹೆಚ್ಚುಕಮ್ಮಿ ದುಂಡಗೇ ಇರುತ್ತದೆ, ಕಲ್ಲಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಸಣ್ಣ ಕುಳಿ ಬೋಗುಣಿಯ ಹಾಗೆ. ದೊಡ್ಡದರಲ್ಲಿ ಅಂಚು ತನ್ನ ಭಾರ ತಾನೇ ಹೊರಲಾರದೆ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಜಾರುತ್ತದೆ, ತಳ ಮೇಲಕ್ಕೆ ಪುಟಿದು ನಡುವೆ ಒಂದು ಬೆಟ್ಟವಾಗಿ ನಿಂತುಬಿಡುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ಊರಿನ ಗುಡ್ಡಗಳು ಜಾರಿದಾಗ ಎದುರಿನ ಇಳಿಜಾರು ನೋಡಿ ನನಗೆ ಮೊದಲು ನೆನಪಾಗಿದ್ದು ಆ ಮೆಟ್ಟಿಲುಗಳೇ. ನೆರೆಮನೆಯವರು ಅಳುತ್ತಿದ್ದಾಗ ನನ್ನ ತಲೆಗೆ ಬಂದಿದ್ದು ಚಂದ್ರ ಎಂದು ನಾಚಿಕೆಯೂ ಆಯಿತು.

ಎಣಿಸುವುದು ಏಕೆ ಎಂದು ನೀವು ಕೇಳಬಹುದು. ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಬಿದ್ದ ಪೆಟ್ಟು ಬಿದ್ದ ಹಾಗೇ ಉಳಿಯುತ್ತದೆ. ಗುಡಿಸಿ ಸಾರಿಸಿದ ಕಾಫಿ ಕಣದ ಮೇಲೆ ದಪ್ಪ ಹನಿ ಬೀಳಲು ಶುರುವಾದಾಗ ಗಮನಿಸಿ. ಮೊದಲು ನಾಲ್ಕು ಗುರುತು, ಆಮೇಲೆ ಹತ್ತು, ಆಮೇಲೆ ಹೊಸ ಹನಿ ಹಳೆಯ ಗುರುತನ್ನು ಅಳಿಸುತ್ತಾ ಹೋಗುತ್ತದೆ. ಕುಳಿ ಕಡಿಮೆಯಿದ್ದರೆ ನೆಲ ಹೊಸದು, ಲಾವಾ ಹರಿದು ತುಂಬಿದ ಕಪ್ಪು ಬಯಲುಗಳು ಹಾಗೆ. ಕುಳಿಯ ಮೇಲೆ ಕುಳಿ ಬಿದ್ದು ಜಾಗವೇ ಉಳಿಯದಿದ್ದರೆ ಅದು ಬಹಳ ಹಳೆಯ ನೆಲ. ಹಾಗಾಗಿ ಎಣಿಕೆ ತಪ್ಪಿದರೆ ನೆಲದ ವಯಸ್ಸೇ ತಪ್ಪುತ್ತದೆ. ಭೂತಗನ್ನಡಿ, ವೃತ್ತಗಳನ್ನು ಕೊರೆದ ಒಂದು ಪ್ಲಾಸ್ಟಿಕ್ ಪಟ್ಟಿ, ಚೂಪು ಮಾಡಿದ ಪೆನ್ಸಿಲ್, ಇಷ್ಟೇ ನಮ್ಮ ಆಯುಧ.

ಸೆಲ್ವಿ ಬಂದಿದ್ದು ಆ ಹೊತ್ತಿಗೆ. ಮಾದಾಪುರದ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ, ಅಪ್ಪ ಅಮ್ಮ ಕಾಫಿ ಹಣ್ಣು ಕೊಯ್ಯಲು ಪಿಕಿಂಗಿಗೆ ಹೋಗುತ್ತಿದ್ದಾಗ ತಾನು ಶಾಲೆಗೆ ಹೋಗಿ ಡಿಗ್ರಿ ಮಾಡಿಕೊಂಡವಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ವರ್ಷ ವರ್ಷ ಮುಂದುವರಿಸುವ ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ನಮ್ಮ ಊರಿನ ಕಡೆಯವಳು ಎಂದು ನನ್ನ ಮೇಜಿಗೇ ಹಾಕಿದರು. ನಾನು ಖುಷಿಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಲೈನ್ ಮನೆಯ ಹುಡುಗಿ, ಇವಳಿಗೇನು ತಿಳಿಯುತ್ತದೆ ಎಂಬ ಕೊಬ್ಬು ನನ್ನಲ್ಲಿತ್ತು. ತೋಟ ಇದ್ದವರ ಮನೆಯಲ್ಲಿ ಹುಟ್ಟಿದವರಿಗೆ ಅದು ಗೊತ್ತಿಲ್ಲದೆಯೇ ಅಂಟಿಕೊಂಡಿರುತ್ತದೆ.

ಒಂದು ದಿನ ನಾನು ಎಣಿಸಿ ಮುಗಿಸಿದ ಹಾಳೆಯನ್ನು ಅವಳು ಬಹಳ ಹೊತ್ತು ನೋಡುತ್ತಾ ಕೂತಳು. ಏನು ಎಂದೆ.

"ಸಾರ್, ಇವೆಲ್ಲ ಒಂದೇ ಏಟಿಂದು. ಬೇರೆ ಬೇರೆ ಲೆಕ್ಕ ಹಿಡೀಬಾರದು."

ನನಗೆ ನಗು ಬಂತು. ಹೇಗೆ ಹೇಳುತ್ತೀಯ ಎಂದೆ. ಅವಳು ಹೇಳಿದ್ದು ಕಲ್ಲುಕೋರೆಯ ಕಥೆ. ಅವರ ಲೈನಿನ ಹತ್ತಿರ ಬಂಡೆ ಒಡೆಯುವ ಜಾಗವಿತ್ತಂತೆ. ಸಿಡಿಮದ್ದು ಇಟ್ಟ ದಿನ ಚೂರುಗಳು ಹಾರಿ ಬಂದು ಮನೆಗಳ ತಗಡಿನ ಮೇಲೆ ಬೀಳುತ್ತಿದ್ದವಂತೆ. ಮಳೆಗಾಲದಲ್ಲಿ ಸೋರುವ ಕಡೆಯೆಲ್ಲ ಅಮ್ಮ ಪಾತ್ರೆ ಇಡುತ್ತಿದ್ದಳು. ಆ ತೂತುಗಳು ದುಂಡಗಿರುತ್ತಿರಲಿಲ್ಲ, ಉದ್ದುದ್ದ, ಒಂದು ಕಡೆಗೆ ಎಳೆದ ಹಾಗೆ, ಸಾಲಾಗಿ. ತೂತು ನೋಡಿದರೆ ಕಲ್ಲು ಯಾವ ದಿಕ್ಕಿನಿಂದ ಬಂತು ಎಂದು ಲೈನಿನ ಮಕ್ಕಳೆಲ್ಲ ಹೇಳುತ್ತಿದ್ದರು. ಚಂದ್ರನ ಮೇಲೂ ಹಾಗೇ ಎಂದಳು. ದೊಡ್ಡ ಕುಳಿ ಆದಾಗ ಸಿಡಿದ ಕಲ್ಲುಗಳು ದೂರ ಹೋಗಿ ಬಿದ್ದು ತಮ್ಮದೇ ಸಣ್ಣ ಕುಳಿಗಳನ್ನು ಮಾಡಿವೆ, ಅವು ಆಳವಿಲ್ಲ, ಉದ್ದವಾಗಿವೆ, ಸಾಲುಗಳೆಲ್ಲ ಒಂದೇ ಕಡೆಗೆ ತೋರಿಸುತ್ತಿವೆ.

ಅವು ಮರಿ ಕುಳಿಗಳು. ವಿಷಯ ಪುಸ್ತಕದಲ್ಲಿ ಇತ್ತು, ನಾನು ಓದಿಯೂ ಇದ್ದೆ. ಆದರೆ ಕಣ್ಣೆದುರು ಇದ್ದದ್ದನ್ನು ಕಂಡಿರಲಿಲ್ಲ. ಹತ್ತು ದಿನ ವಾದ ಮಾಡಿದೆ. ಹನ್ನೊಂದನೆಯ ದಿನ ಅಳತೆಪಟ್ಟಿ ಹಿಡಿದು ಸಾಲುಗಳನ್ನು ಹಿಂದಕ್ಕೆ ಎಳೆದಾಗ ಎಲ್ಲವೂ ಒಂದೇ ದೊಡ್ಡ ಕುಳಿಗೆ ಹೋಗಿ ಸೇರಿದವು. ನನ್ನ ಎಣಿಕೆಯಲ್ಲಿ ಅರ್ಧದಷ್ಟು ಹೊಡೆದುಹಾಕಬೇಕಾಯಿತು. ನರಸಿಂಹಯ್ಯನವರು ಅವಳನ್ನು ಕರೆದು ಎಲ್ಲರೆದುರು ಮೆಚ್ಚಿಕೊಂಡರು. ನಾನು ಚಪ್ಪಾಳೆ ತಟ್ಟಿದೆ. ಒಳಗೊಳಗೆ ಹೊಟ್ಟೆ ಉರಿಯಿತು.

ಗುರುವಾರ. ಮುಂದಿನದನ್ನು ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ. ಲೀಲಾ ಮೆಣಸಿನ ಬಳ್ಳಿಗೆ ನೀರು ಹಾಕುತ್ತಿದ್ದವಳು ಕೊಡ ಕೆಳಗಿಟ್ಟು ಒಂದೇ ಮಾತು ಹೇಳಿದಳು: "ಹೇಳಿಕೆ ಉಟ್ಟರೆ ಹೇಳಿ, ಇಲ್ಲರೆ ಸುಮ್ನೆ ಇರಿ." ಹೇಳಲು ಏನೋ ಇದೆ ಎಂದು ನಾನು ಅವಳಿಗೆ ತಿಳಿಸಿಯೇ ಇರಲಿಲ್ಲ.

ಇಳಿಯುವ ಜಾಗಗಳ ಪಟ್ಟಿಗೆ ಚಂದ್ರನ ಉತ್ತರ ಭಾಗದ ಒಂದು ಬಯಲು ಸೇರಿತು. ಆ ಚಿತ್ರದಲ್ಲಿ ಬೆಳಕು ಹಾಳೆಯ ಕೆಳಗಿನಿಂದ ಬಂದಿತ್ತು. ಕುಳಿಗಳೆಲ್ಲ ಮೊಸರು ಕುಡಿಕೆ ಬೋರಲು ಹಾಕಿದ ಹಾಗೆ ಉಬ್ಬಿ ಕಾಣುತ್ತಿದ್ದವು. ಹಳೆಯ ಅಭ್ಯಾಸದಂತೆ ಚಿತ್ರವನ್ನು ತಿರುಗಿಸಿದೆ. ಅದರ ಮೇಲೆ ಫಿಲ್ಮ್ ಹಾಸಿದೆ. ಅಪಾಯದ ಕುಳಿಗಳನ್ನು ಗುರುತು ಮಾಡಿ, ಕುಳಿಯಿಲ್ಲದ ಒಂದು ಜಾಗಕ್ಕೆ ಹಸಿರು ವೃತ್ತ ಎಳೆದೆ. ಮೂರು ದಿನದ ಕೆಲಸ. ಮೂರನೆಯ ದಿನ ಸಂಜೆ ನೋಡಿಕೊಂಡರೆ ಚಿತ್ರಕ್ಕೂ ಫಿಲ್ಮಿಗೂ ಬೊಟ್ಟು ಇಟ್ಟಿರಲಿಲ್ಲ. ತಿರುಗಿಸುವ ಮೊದಲು ಇಡಬೇಕಾಗಿದ್ದನ್ನು ಮರೆತಿದ್ದೆ. ಕೆಂಪು ಪೆನ್ನು ತೆಗೆದು, ಆಗ ನನ್ನ ಕಣ್ಣಿಗೆ ಬಲಗಡೆಯ ಮೇಲಿನ ಮೂಲೆ ಯಾವುದಾಗಿತ್ತೋ ಅಲ್ಲಿ ಎರಡಕ್ಕೂ ಇಟ್ಟುಬಿಟ್ಟೆ. ಚಿತ್ರ ತಲೆಕೆಳಗಾಗಿದೆ ಎಂಬುದು ಆ ಕ್ಷಣ ನನ್ನ ತಲೆಯಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಸೆಲ್ವಿ ಪರಿಶೀಲಿಸಲು ಬಂದಳು. ಚಿತ್ರ, ಫಿಲ್ಮ್ ಎರಡೂ ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಹಾಗೇ ಇದ್ದವು, ಕುಳಿಗೆ ಕುಳಿ ಸರಿಹೊಂದುತ್ತಿತ್ತು. ಆದರೂ ಅವಳು ಮೂಲೆ ನೋಡಿ, ಬೊಟ್ಟು ಸರಿಯಾಗಿದೆಯಾ ಸಾರ್ ಎಂದು ಮೆಲ್ಲಗೆ ಕೇಳಿದಳು. ಹಿಂದಿನ ಉರಿ ನನ್ನಲ್ಲಿ ಇನ್ನೂ ಆರಿರಲಿಲ್ಲ. ನನಗೇ ಬೊಟ್ಟು ಇಡೋದು ಕಲಿಸ್ತೀಯಾ ಎಂದು ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ ಹೇಳಿದೆ. ಅವಳು ತಲೆ ತಗ್ಗಿಸಿ ಸಹಿ ಹಾಕಿದಳು.

ನಕ್ಷೆ ಮೇಲಕ್ಕೆ ಹೋಯಿತು. ಎರಡು ತಿಂಗಳ ನಂತರ ಇನ್ನೊಂದು ತಂಡದವರು ತಮ್ಮ ಎತ್ತರದ ನಕ್ಷೆಯನ್ನು ಅದರ ಮೇಲಿಟ್ಟಾಗ ನಮ್ಮ ಹಸಿರು ವೃತ್ತ ಹೋಗಿ ಕೂತಿದ್ದು ಚಂದ್ರನ ಆ ಬಯಲಿನಲ್ಲೇ ಅತಿ ಕೆಟ್ಟ ಕುಳಿಗಳ ನಡುವೆ. ನಮ್ಮ ಫಿಲ್ಮ್ ತಲೆಕೆಳಗಾಗಿತ್ತು. ಯಾವ ಯಂತ್ರವೂ ಬೀಳಲಿಲ್ಲ, ಏಕೆಂದರೆ ಯಾವುದೂ ಹೋಗಿರಲಿಲ್ಲ. ಆದರೆ ನಮ್ಮ ವಿಭಾಗದ ಮಾನ ಹೋಯಿತು. ಮೀಟಿಂಗ್ ಕರೆದರು. ನರಸಿಂಹಯ್ಯನವರು ಫಿಲ್ಮನ್ನು ಮೇಜಿನ ಮೇಲೆ ಹರಡಿ, ಬೊಟ್ಟು ಯಾರು ಇಟ್ಟಿದ್ದು ಎಂದು ಕೇಳಿದರು.

ಬೊಟ್ಟು ಇಡುವುದು ಕಿರಿಯರ ಕೆಲಸ ಎಂದು ಆಗಲೇ ಹೇಳಿದ್ದೆನಲ್ಲ. ಎಲ್ಲರ ಕಣ್ಣೂ ಸೆಲ್ವಿಯ ಕಡೆಗೆ ಹೋಯಿತು. ಅವಳು ಒಂದು ಸಲ ನನ್ನ ಮುಖ ನೋಡಿದಳು. ಒಂದೇ ಸಲ. ನೀವೇ ಅಲ್ಲವಾ ಸಾರ್ ಎಂದು ಆ ನೋಟ ಕೇಳುತ್ತಿದೆ ಎಂದುಕೊಂಡೆ. ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಾ ಕೂತೆ. ಅವಳೂ ಏನೂ ಹೇಳಲಿಲ್ಲ. ನರಸಿಂಹಯ್ಯನವರು ನಿಟ್ಟುಸಿರು ಬಿಟ್ಟು ಕಡತದಲ್ಲಿ 'ಬೊಟ್ಟು ಇಟ್ಟವರು' ಎಂದು ಒಂದು ಸಾಲು ಬರೆದು ಅದರ ಮುಂದೆ ಅವಳ ಹೆಸರು ಬರೆದರು. ನಮ್ಮ ಭಾಷೆಯಲ್ಲಿ ಬೊಟ್ಟು ಇಡುವುದೂ ಉಂಟು, ಬೊಟ್ಟು ಮಾಡಿ ತೋರಿಸುವುದೂ ಉಂಟು. ಅವತ್ತು ನಾನು ಬೆರಳೆತ್ತಲಿಲ್ಲ, ಸುಮ್ಮನಿದ್ದೇ ಆ ಕೆಲಸ ಮಾಡಿದೆ.

ಆ ವರ್ಷ ಅವಳ ಗುತ್ತಿಗೆ ಮುಂದುವರಿಸಲಿಲ್ಲ. ಕೊನೆಯ ದಿನ ನನ್ನ ಮೇಜಿನ ಹತ್ತಿರ ಬಂದು, ತುಂಬ ಕಲಿತೆ ಸಾರ್ ಎಂದು ಹೇಳಿ ಹೋದಳು. ನನಗೆ ಅದು ಚುಚ್ಚುಮಾತು ಎಂದೇ ಕೇಳಿಸಿತು. ಬೇಡವೆಂದು ಬಿಸಾಡಿದ ರಾಶಿಯಿಂದ ಆ ಫಿಲ್ಮನ್ನು ಎತ್ತಿಕೊಂಡು ಮನೆಗೆ ತಂದೆ. ಯಾಕೆ ತಂದೆ ಎಂದರೆ, ಬೇರೆಯವರ ಕೈಗೆ ಸಿಕ್ಕಿ ಬೊಟ್ಟು ನನ್ನ ಕೈಯದು ಎಂದು ಗುರುತು ಹಿಡಿದಾರು ಎಂಬ ಹೆದರಿಕೆ. ಅದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ಆಮೇಲೆ ಕಂಪ್ಯೂಟರ್ ಬಂತು. ಫಿಲ್ಮ್ ಹೋಯಿತು, ಪೆನ್ಸಿಲ್ ಹೋಯಿತು, ಬೊಟ್ಟೂ ಹೋಯಿತು. ಪ್ರತಿ ಚಿತ್ರದ ಜೊತೆಗೆ ದಿಕ್ಕು ತಾನೇ ಬರೆದುಕೊಂಡು ಬರುತ್ತದೆ. ನಾವು ತಿಂಗಳಿಡೀ ಎಣಿಸುತ್ತಿದ್ದುದನ್ನು ಯಂತ್ರ ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಎಣಿಸುತ್ತದೆ. ಆದರೂ ನೀವು ಒಂದು ಮಾತು ಕೇಳಿ. ಯಂತ್ರಕ್ಕೆ ಕಲಿಸಿದವರು ಮನುಷ್ಯರೇ, ನೆರಳು ತಿರುವಿದರೆ ಅದೂ ದಿಬ್ಬವನ್ನು ಕುಳಿ ಎನ್ನುತ್ತದೆ. ನನ್ನ ಕೊನೆಯ ವರ್ಷದಲ್ಲಿ ಹಾಗಾಗಿದ್ದನ್ನು ಕಂಡಿದ್ದೇನೆ. ಚಿತ್ರ ತೆರೆದ ಕೂಡಲೇ ಕುಳಿ ಹುಡುಕಬೇಡಿ, ಬೆಳಕು ಯಾವ ಕಡೆಯಿಂದ ಎಂದು ಮೊದಲು ನೋಡಿ. ಇನ್ನೊಂದು, ಕಿರಿಯರು ಪ್ರಶ್ನೆ ಕೇಳಿದರೆ ಬೈಯುವ ಮೊದಲು ಮೂಲೆ ನೋಡಿಕೊಳ್ಳಿ.

ಇಷ್ಟು ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ. ಇವತ್ತು ಭಾನುವಾರ.

ನಿನ್ನೆ ಟ್ರಂಕಿನಿಂದ ಫಿಲ್ಮ್ ತೆಗೆದು, ಸುತ್ತಿ, ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮಾದಾಪುರದ ಬಸ್ ಹತ್ತಿದೆ. ದಾರಿಯಲ್ಲಿ ಎರಡು ಕಡೆ ಇಳಿದು ವಾಪಸ್ ಹೋಗೋಣ ಅನಿಸಿತು. ಶಾಲೆ ಮುಟ್ಟಿದಾಗ ಸೆಲ್ವಿ ಆಗಲೇ ಬಂದಿದ್ದಳು. ಕೂದಲು ನೆರೆತಿದೆ, ಕನ್ನಡಕ ಬಂದಿದೆ. ಬೇರೆ ಊರಿನ ಒಂದು ವಿಜ್ಞಾನ ಕೇಂದ್ರದಲ್ಲಿ ಮಕ್ಕಳಿಗೆ ಆಕಾಶ ತೋರಿಸುವ ಕೆಲಸ ಮಾಡುತ್ತಾಳೆ. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದು, "ಚೆನ್ನಾಗಿದೀರಾ ಸಾರ್?" ಎಂದಳು. ಮೇಜಿನ ಮೇಲೆ ಒಂದು ದೊಡ್ಡ ತಟ್ಟೆಯಲ್ಲಿ ಅಕ್ಕಿ ಹಿಟ್ಟು ಹರವಿ ಅದರ ಮೇಲೆ ತೆಳ್ಳಗೆ ಕಾಫಿ ಪುಡಿ ಉದುರಿಸುತ್ತಿದ್ದಳು.

ಹೆಡ್ಮಾಸ್ಟರು ನನ್ನ ಕೈಗೆ ಮೈಕ್ ಕೊಟ್ಟರು. ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ಇವರು ಸೆಲ್ವಿ, ಇದೇ ಊರಿನ ಮಗಳು, ನಾನು ಕಾಣದ್ದನ್ನು ಕಂಡವರು ಎಂದು ಶುರು ಮಾಡಿದೆ. ಆಮೇಲೆ ಹೇಳಿಬಿಟ್ಟೆ. ಒಂದು ನಕ್ಷೆಗೆ ತಪ್ಪು ಮೂಲೆಯಲ್ಲಿ ಬೊಟ್ಟು ಇಟ್ಟಿದ್ದು ನಾನು, ಸರಿಯಾ ಎಂದು ಕೇಳಿದ್ದು ಇವರು, ಬೈದಿದ್ದು ನಾನು, ಹೆಸರು ಕೆಟ್ಟಿದ್ದು ಇವರದ್ದು. ಇಷ್ಟು ಹೇಳಿ ಮೈಕ್ ಕೆಳಗಿಳಿಸಿದೆ. ಹೆಡ್ಮಾಸ್ಟರು ಗಡಿಯಾರ ನೋಡಿಕೊಂಡರು. ಮುಂದಿನ ಸಾಲಿನ ಒಬ್ಬಳು ಕೈ ಎತ್ತಿ, ಹಾಗಾದರೆ ರಾಕೆಟ್ ಬಿದ್ದುಹೋಯ್ತಾ ಸಾರ್ ಎಂದು ಕೇಳಿದಳು. ಇಲ್ಲ ಎಂದೆ. ಮಕ್ಕಳಿಗೆ ನಿರಾಸೆಯಾಯಿತು.

ಸೆಲ್ವಿ ನನ್ನ ಕಡೆ ನೋಡದೆ ಮೈಕ್ ತೆಗೆದುಕೊಂಡು ಮಾತು ಶುರು ಮಾಡಿದಳು. ಒಂದು ಕಲ್ಲನ್ನು ತಟ್ಟೆಗೆ ಬಿಟ್ಟಾಗ ಕಂದು ಪುಡಿಯ ಮೇಲೆ ಬಿಳಿ ಹಿಟ್ಟು ಗೆರೆ ಗೆರೆಯಾಗಿ ಸಿಡಿಯಿತು. ಹುಣ್ಣಿಮೆಯ ದಿನ ಚಂದ್ರನ ಕೆಳಭಾಗದಲ್ಲಿ ಕಾಣುವ ಬಿಳಿ ಗೆರೆಗಳೂ ಇವೇ ಎಂದಳು. ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿಕೊಂಡರು. ಅವಳಷ್ಟು ಚೆನ್ನಾಗಿ ಅದನ್ನು ನನಗೆ ಎಂದೂ ಹೇಳಲು ಬಂದಿರಲಿಲ್ಲ.

ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಾಫಿ ಕೊಟ್ಟು ಎಲ್ಲರೂ ಹೊರಗೆ ಹೋದರು. ಬೈಯಲಿ ಎಂದು ಕಾದೆ. ಅವಳು ಲೋಟ ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಸಾರ್, ನೀವು ಮೇಲೆ ನಿಂತು ಹೇಳಿದ್ದು ನಿಜವಾ? ಇಲ್ಲ ನನ್ನ ಹೆಸರು ಉಳ್ಸೋಕೆ ಹೇಳಿದ್ದಾ?"

ನಿಜ ಎಂದೆ. ನಿನಗೆ ಅವತ್ತೇ ಗೊತ್ತಿತ್ತಲ್ಲ ಎಂದೆ.

"ನಂಗೆ ಗೊತ್ತಿರ್ಲಿಲ್ಲ ಸಾರ್. ಬೊಟ್ಟು ಮಸಕಾಗಿತ್ತು. ನೀವು ಬೈದ ಮೇಲೆ ನಾನೇ ಕೆಂಪು ಪೆನ್ನಲ್ಲಿ ಅದರ ಮೇಲೆ ತಿದ್ದಿದ್ದೆ. ಮೀಟಿಂಗಲ್ಲಿ ಎಲ್ಲರೂ ನನ್ನ ಕಡೆ ನೋಡಿದಾಗ, ಹಾಗಾದ್ರೆ ತಿದ್ದುವಾಗ ನಾನೇ ತಪ್ಪು ಮೂಲೆಗೆ ಇಟ್ಟಿರಬೇಕು ಅನ್ನಿಸ್ತು. ಆಮೇಲೆ ಇಷ್ಟು ವರ್ಷ ಅದು ನನ್ನದೇ ತಪ್ಪು ಅಂತಲೇ ಇದ್ದೆ."

ಹಾಗಾದರೆ ಅವತ್ತು ನನ್ನ ಮುಖ ನೋಡಿದ್ದೇಕೆ ಎಂದು ಕೇಳಿದೆ.

"ಸಾರಿ ಕೇಳೋಣ ಅಂತ ನೋಡಿದೆ ಸಾರ್. ನನ್ನಿಂದ ನಿಮ್ಮ ಹೆಸರು ಕೆಡ್ತಲ್ಲ ಅಂತ."

ಇಪ್ಪತ್ತು ವರ್ಷಕ್ಕೂ ಮೇಲೆ ಆ ಒಂದು ನೋಟವನ್ನು ನಾನು ತಲೆಕೆಳಗಾಗಿ ಓದಿದ್ದೆ. ಅವಳು ನನ್ನನ್ನು ದೂರುತ್ತಿದ್ದಾಳೆ ಎಂದುಕೊಂಡೆ, ಅದಕ್ಕೇ ಅವಳ ಮೇಲೆ ಒಳಗೊಳಗೆ ಸಿಟ್ಟನ್ನೂ ಇಟ್ಟುಕೊಂಡಿದ್ದೆ. ಅವಳು ಲೋಟ ಕೆಳಗಿಟ್ಟು, ಆಮೇಲೆ ತಾನು ಒಂದು ನಕ್ಷೆಯನ್ನೂ ಮುಟ್ಟಲಿಲ್ಲ ಎಂದಳು. ತನ್ನ ಕಣ್ಣನ್ನೇ ನಂಬಲಾಗುತ್ತಿರಲಿಲ್ಲವಂತೆ. ಬೇರೆ ಕಡೆಯಿಂದ ಎರಡು ಸಲ ಇದೇ ಕೆಲಸಕ್ಕೆ ಕರೆ ಬಂದರೂ ಹೋಗಲಿಲ್ಲವಂತೆ. ಮಕ್ಕಳಿಗೆ ಹೇಳಿಕೊಡುವುದಾದರೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ಈ ಕಡೆ ಬಂದಳಂತೆ. ಒಂದೇ ಏಟಿನ ಕಲ್ಲುಗಳು ಎಲ್ಲೆಲ್ಲಿ ಹೋಗಿ ಬೀಳುತ್ತವೆ ಎಂದು ನನಗೆ ಹೇಳಿಕೊಟ್ಟವಳೇ ಇವಳು. ನನಗೆ ಅಳು ಬಂತು, ತಡೆಯಲಿಲ್ಲ.

ಚೀಲದಿಂದ ಫಿಲ್ಮ್ ತೆಗೆದು ಕೊಟ್ಟೆ. ಅವಳು ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ತಿರುಗಿಸಿದಳು. ಹಸಿರು ವೃತ್ತ ತನ್ನ ಜಾಗಕ್ಕೆ ಬಂತು. ಮೇಜಿನ ಮೇಲೆ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು ಇತ್ತು, ಅದನ್ನು ತೆಗೆದುಕೊಂಡು ಬಲಗಡೆಯ ಮೇಲಿನ ಮೂಲೆಯಲ್ಲಿ ಒಂದು ಬೊಟ್ಟು ಇಟ್ಟಳು. "ಇದು ನನ್ನತ್ರ ಇರ್ಲಿ ಸಾರ್" ಎಂದು ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಸೋಮವಾರಪೇಟೆ ಕಡೆಯ ಬಸ್ ಬಂತು, ಹತ್ತಿ ಹೋದಳು.

ನರಸಿಂಹಯ್ಯನವರು ಈಗಿಲ್ಲ, ಅವರಿಗೆ ಹೇಳಲಾಗುವುದಿಲ್ಲ. ಆದರೆ ನಿಮ್ಮ ವಿಭಾಗದ ಹಳೆಯ ಕಡತಗಳ ಕೋಣೆಯಲ್ಲಿ ಆ ಮೀಟಿಂಗಿನ ಕಡತ ಇರಬೇಕು, ಅವರು ಕಡತಗಳನ್ನು ಬಿಸಾಡುವವರಲ್ಲ. ಅದನ್ನು ಹುಡುಕಿ. ಈ ಹಾಳೆಗಳನ್ನು ಅದರೊಳಗೆ ಸೇರಿಸಿ. 'ಬೊಟ್ಟು ಇಟ್ಟವರು' ಎಂಬ ಸಾಲಿನ ಮುಂದೆ ಸೆಲ್ವಿ ಎಂದಿದೆ. ಅದನ್ನು ಹೊಡೆದು ಬೆಳ್ಯಪ್ಪ ಎಂದು ಬರೆಯಿರಿ.